ಎರಡು ಮನೆಗಳ ನಡುವಣ ಗೋಡೆ

ತುಮಕೂರು ನಗರದ ಅಂಚಿನಲ್ಲಿ ಮರಳೂರು ಎಂಬ ಊರಿದೆ. ಒಂದು ಕಾಲಕ್ಕೆ ಕೆರೆಯ ಮಗ್ಗುಲಲ್ಲಿ ತನ್ನ ಪಾಡಿಗೆ ತಾನಿದ್ದ ಹಳ್ಳಿ ಅದು. ಇಂದು ನಗರವು ಬೆಳೆದು ಬಂದು ಅದನ್ನು ತನ್ನ ತೆಕ್ಕೆಗೆ ಸೇರಿಸಿಕೊಂಡಿದೆ. ಇಂಥ ಊರುಗಳಲ್ಲಿ ಎರಡು ಬಗೆಯ ಬೀದಿಗಳು ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ. ಒಂದು, ಮಣ್ಣಿನ ಗೋಡೆಯ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ ಹಳೆಯ ಕೇರಿ. ಇನ್ನೊಂದು, ಇಪ್ಪತ್ತಡಿ ಅಗಲ ಮೂವತ್ತಡಿ ಉದ್ದದ ನಿವೇಶನಗಳಲ್ಲಿ ಸಿಮೆಂಟಿನ ಮನೆಗಳು ಎದ್ದಿರುವ ಹೊಸ ಬಡಾವಣೆ. ನೋಟಕ್ಕೆ ಇವೆರಡೂ ಬೇರೆ ಬೇರೆ. ಆದರೆ ಒಂದು ಮಾತಿನಲ್ಲಿ ಇವು ಒಂದೇ: ಎರಡು ಕಡೆಯೂ ಮನೆಗೆ ಮನೆ ಅಂಟಿಕೊಂಡಿದೆ, ಎರಡು ಸಂಸಾರಗಳ ನಡುವೆ ಇರುವುದು ಒಂದೇ ಒಂದು ಗೋಡೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ರಾತ್ರಿ ಹತ್ತು ಗಂಟೆಯ ಸಮಯ. ಗೋಡೆಯ ಈಚೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮರುದಿನದ ಪರೀಕ್ಷೆಗೆ ಓದುತ್ತಿದ್ದಾಳೆ. ಗೋಡೆಯ ಆಚೆಗೆ ದೂರದರ್ಶನದಲ್ಲಿ ಚಲನಚಿತ್ರ ನಡೆಯುತ್ತಿದೆ. ಅದರ ಒಂದೊಂದು ಮಾತೂ ಈಕೆಯ ಕಿವಿಗೆ ಬೀಳುತ್ತಿದೆ. ಹುಡುಗಿ ಕಿವಿ ಮುಚ್ಚಿಕೊಂಡು ಓದಲು ಯತ್ನಿಸುತ್ತಾಳೆ. ಅವಳಿಗೆ ಹೊಳೆಯದ ಇನ್ನೊಂದು ಸಂಗತಿಯಿದೆ. ಯಾವ ದಾರಿಯಿಂದ ಆ ಮಾತುಗಳು ಒಳಗೆ ಬರುತ್ತಿವೆಯೋ ಅದೇ ದಾರಿಯಿಂದ ಒಂದು ದಿನ ಹೊಗೆ ಬರಬಹುದು, ಬೆಂಕಿಯೂ ಬರಬಹುದು. ಶಬ್ದವು ಪ್ರತಿ ರಾತ್ರಿ ಬಂದು ಆ ಗೋಡೆಯ ದೋಷವನ್ನು ಹೇಳಿ ಹೋಗುತ್ತಿದೆ. ಕೇಳಿಸಿಕೊಳ್ಳುವವರಿಲ್ಲ, ಅಷ್ಟೆ.

ಎರಡು ಮನೆಗಳು ಹಂಚಿಕೊಂಡ ಇಂಥ ಗೋಡೆಗೆ ಜಂಟಿಗೋಡೆ ಎಂದು ಹೆಸರು. ಮನೆಯ ಪತ್ರಗಳಲ್ಲಿ ಚಕ್ಕುಬಂದಿಯನ್ನು ಬರೆಯುವಾಗ ಈ ಮಾತು ಬರುವುದುಂಟು. ಮನೆಯ ಉಳಿದ ಗೋಡೆಗಳೆಲ್ಲ ಒಬ್ಬನ ಸ್ವತ್ತು. ಅವನ್ನು ಆತ ತನ್ನ ಮನಸ್ಸಿಗೆ ಬಂದಂತೆ ಒಡೆಯಬಹುದು, ಕಟ್ಟಬಹುದು. ಜಂಟಿಗೋಡೆ ಹಾಗಲ್ಲ. ಅದರ ಒಂದು ಮುಖ ನನ್ನದು, ಇನ್ನೊಂದು ಮುಖ ನಿನ್ನದು. ಅದರ ಬಲ ಮಾತ್ರ ಇಬ್ಬರದು. ಆ ಬಲವು ಯಾವುದರಲ್ಲಿದೆ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ನಮ್ಮ ಹಳೆಯ ಕೇರಿಯಿಂದಲೇ ಆರಂಭಿಸೋಣ. ಅಲ್ಲಿನ ಮಣ್ಣಿನ ಗೋಡೆಗಳು ಸಾಮಾನ್ಯವಾಗಿ ಒಂದೂವರೆ ಅಡಿಗೆ ಕಡಿಮೆಯಿಲ್ಲದ ದಪ್ಪದವು. ಮಣ್ಣು ಸುಡುವ ವಸ್ತುವಲ್ಲ. ಅಷ್ಟು ದಪ್ಪದ ಮಣ್ಣಿನ ಮೂಲಕ ಮಾತು ಕೇಳಿಸುವುದೂ ಕಷ್ಟ. ಆದರೂ ಬೇಸಗೆಯ ದಿನಗಳಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿದ್ದರೆ ಇಡೀ ಕೇರಿಯೇ ಬೂದಿಯಾಗುತ್ತಿತ್ತು ಎಂಬುದನ್ನು ಹಿರಿಯರಿಂದ ನೀವು ಕೇಳಿರಬಹುದು. ಗೋಡೆ ಸುಡದಿದ್ದರೆ ಬೆಂಕಿ ಹೇಗೆ ಹಬ್ಬಿತು? ಅದು ಗೋಡೆಯ ಮೂಲಕ ಬರಲಿಲ್ಲ. ಗೋಡೆಯ ಮೇಲಿನಿಂದ ಬಂತು. ಗೋಡೆಗಳು ಮಾಡಿನ ಕೆಳಗೇ ನಿಂತುಬಿಟ್ಟಿದ್ದವು. ಅವುಗಳ ಮೇಲೆ ಹುಲ್ಲಿನ ಅಥವಾ ತೆಂಗಿನ ಸೋಗೆಯ ಹೊದಿಕೆ ಒಂದು ಮನೆಯಿಂದ ಇನ್ನೊಂದು ಮನೆಗೆ ಎಡೆಬಿಡದೆ ಸಾಗಿತ್ತು. ಬೆಂಕಿಗೆ ಅದೇ ರಾಜಮಾರ್ಗವಾಯಿತು.

ಮುಂದೆ ಹುಲ್ಲು ಹೋಗಿ ಹೆಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಮಂಗಳೂರು ಹೆಂಚು ನಾಡಿನ ಒಳಭಾಗಗಳಿಗೂ ಹಬ್ಬಿತು. ಹೆಂಚು ಸುಡುವುದಿಲ್ಲ, ಆದುದರಿಂದ ಹಾರಿ ಬಂದ ಕಿಡಿಯ ಭಯ ಬಹುಮಟ್ಟಿಗೆ ನೀಗಿತು. ಆದರೆ ಹೆಂಚನ್ನು ಹೊತ್ತದ್ದು ಮರದ ತೊಲೆ, ಜಂತೆ, ರೀಪುಗಳೇ. ಸಾಲುಮನೆಗಳಲ್ಲಿ ಗೋಡೆಯನ್ನು ಹೆಂಚಿನ ತಳದವರೆಗೆ ಏರಿಸದೆ ಅಟ್ಟದ ಮಟ್ಟದಲ್ಲಿಯೇ ಬಿಟ್ಟರೆ, ಎರಡು ಮನೆಗಳ ಅಟ್ಟಗಳು ಕೂಡಿ ಒಂದೇ ಸುರಂಗವಾಗುತ್ತವೆ. ಕೆಳಗೆ ಗೋಡೆಯಿದ್ದರೂ ಮೇಲೆ ಮನೆ ಒಂದೇ. ಪಕ್ಕದ ಮನೆಯ ಮಾತು ತಲೆಯ ಮೇಲಿನಿಂದ ಇಳಿದುಬರುವುದು ಈ ಕಾರಣದಿಂದಲೇ.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಮನೆಗಳು ಒತ್ತಾಗಿ ಬೆಳೆದ ಊರುಗಳೆಲ್ಲ ಇದನ್ನು ಎದುರಿಸಿವೆ. ಲಂಡನ್ ನಗರದ ಕಥೆ ಈ ವಿಷಯದಲ್ಲಿ ಬೋಧಪ್ರದವಾದುದು. ಅಲ್ಲಿನ ಮೊದಲ ಮೇಯರನಾದ ಹೆನ್ರಿ ಫಿಟ್ಸ್-ಐಲ್ವಿನ್ ಎಂಬಾತನ ಹೆಸರಿಗೆ ಸೇರಿದ, 1189ನೆಯ ಇಸವಿಯದೆಂದು ಹೇಳಲಾಗುವ ಕಟ್ಟಳೆಯೊಂದಿದೆ. ಅಕ್ಕಪಕ್ಕದ ಇಬ್ಬರು ತಮ್ಮ ನಡುವೆ ಕಲ್ಲಿನ ಗೋಡೆ ಕಟ್ಟಲು ಒಪ್ಪಿದರೆ ಪ್ರತಿಯೊಬ್ಬನೂ ಒಂದೂವರೆ ಅಡಿ ನೆಲವನ್ನು ಬಿಟ್ಟುಕೊಡಬೇಕು. ಹೀಗೆ ಮೂರಡಿ ದಪ್ಪದ, ಹದಿನಾರು ಅಡಿ ಎತ್ತರದ ಗೋಡೆಯನ್ನು ಇಬ್ಬರೂ ಕೂಡಿ ಕಟ್ಟಬೇಕು. ಒಬ್ಬನಿಗೆ ಕಟ್ಟುವ ಶಕ್ತಿಯಿಲ್ಲದಿದ್ದರೆ? ಅದಕ್ಕೂ ಆ ಕಟ್ಟಳೆಯಲ್ಲಿ ಉತ್ತರವುಂಟು. ಬಡವನಾದವನು ಮೂರಡಿ ನೆಲವನ್ನು ಕೊಡಲಿ, ಉಳ್ಳವನು ತನ್ನ ಖರ್ಚಿನಿಂದ ಗೋಡೆಯನ್ನು ಕಟ್ಟಲಿ. ಎಂಟುನೂರು ವರ್ಷಗಳ ಹಿಂದೆಯೇ ಜನರು ಗೋಡೆಯನ್ನು ನೆರೆಹೊರೆಯ ಕರ್ತವ್ಯವೆಂದು ಎಣಿಸಿದ್ದರು ಎಂಬುದು ಇದರಿಂದ ತಿಳಿದುಬರುತ್ತದೆ.

ಆದರೆ ಕಟ್ಟಳೆ ಒಂದು ಕಡೆ, ನಡೆವಳಿಕೆ ಇನ್ನೊಂದು ಕಡೆ. ಶತಮಾನಗಳು ಉರುಳಿದವು. ಲಂಡನ್ನಿನ ಇಕ್ಕಟ್ಟಾದ ಬೀದಿಗಳಲ್ಲಿ ಮರದ ಚೌಕಟ್ಟಿನ ಮನೆಗಳೇ ತುಂಬಿಕೊಂಡವು. 1666ರ ಸೆಪ್ಟೆಂಬರ್ 2ರ ಭಾನುವಾರ, ಬೆಳಗಾಗುವ ಮುನ್ನ, ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿಯಂಗಡಿಯೊಂದರಲ್ಲಿ ಬೆಂಕಿ ಹೊತ್ತಿಕೊಂಡಿತು. ಮೂಡಣ ಗಾಳಿ ಬಲವಾಗಿ ಬೀಸುತ್ತಿತ್ತು. ನಾಲ್ಕು ದಿನಗಳ ಕಾಲ ಉರಿದ ಆ ಬೆಂಕಿಗೆ ಸುಮಾರು 13,200 ಮನೆಗಳು ಆಹುತಿಯಾದವು. ಮರುವರ್ಷ, ಎಂದರೆ 1667ರಲ್ಲಿ, ನಗರವನ್ನು ಮತ್ತೆ ಕಟ್ಟುವ ಬಗೆಗೆ ಶಾಸನವಾಯಿತು. ಹೊಸ ಮನೆಗಳ ಹೊರಗೋಡೆಗಳೂ ಜಂಟಿಗೋಡೆಗಳೂ ಇಟ್ಟಿಗೆಯವೋ ಕಲ್ಲಿನವೋ ಆಗಿರತಕ್ಕದ್ದು ಎಂದು ಅದು ವಿಧಿಸಿತು. ಮನೆಯ ಅಂತಸ್ತುಗಳಿಗೆ ಅನುಗುಣವಾಗಿ ಗೋಡೆಯ ದಪ್ಪವನ್ನು ಗೊತ್ತುಮಾಡಿತು. ಗೋಡೆ ಮಾಡಿನ ಕೆಳಗೇ ನಿಂತರೆ ಸಾಲದೆಂಬುದು ಅನುಭವದಿಂದ ತಿಳಿದುಬಂದು, 1707ರ ಶಾಸನವು ಜಂಟಿಗೋಡೆಯು ಛಾವಣಿಯನ್ನು ಮೀರಿ ಮೇಲೇಳಬೇಕೆಂದು ಸೇರಿಸಿತು. ನಮ್ಮ ಹಳೆಯ ಕೇರಿ ಕಲಿಸಿದ ಪಾಠವೂ ಇದೇ ಅಲ್ಲವೆ?

ಇನ್ನು ಗೋಡೆ ಬೆಂಕಿಯನ್ನು ಹೇಗೆ ತಡೆಯುತ್ತದೆ ಎಂಬುದನ್ನು ನೋಡೋಣ. ಉಷ್ಣವು ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಗಳಲ್ಲಿ ಸಾಗುತ್ತದೆಂದು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಒಂದು ಕೋಣೆಯಲ್ಲಿ ಬೆಂಕಿ ಬೆಳೆದಾಗ ಈ ಮೂರೂ ಒಟ್ಟಿಗೆ ಗೋಡೆಯ ಮೇಲೆ ದಾಳಿ ಮಾಡುತ್ತವೆ. ಗೋಡೆಗಳನ್ನು ಪರೀಕ್ಷಿಸಲು ಪ್ರಯೋಗಶಾಲೆಗಳಲ್ಲಿ ದೊಡ್ಡ ಕುಲುಮೆಗಳಿವೆ. ಕುಲುಮೆಯ ಉಷ್ಣತೆ ಮೊದಲ ಐದು ನಿಮಿಷಗಳಲ್ಲಿಯೇ ಸುಮಾರು 575 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಒಂದು ಗಂಟೆಯ ಹೊತ್ತಿಗೆ 945, ನಾಲ್ಕು ಗಂಟೆಯ ಹೊತ್ತಿಗೆ 1,150 ಡಿಗ್ರಿಯನ್ನು ಮುಟ್ಟುತ್ತದೆ. ಹೀಗೆ ಸುಡುತ್ತಿರುವಾಗ ಗೋಡೆಯನ್ನು ಮೂರು ಪ್ರಶ್ನೆಗಳಿಂದ ಅಳೆಯುತ್ತಾರೆ. ಅದು ಕುಸಿಯದೆ ನಿಂತಿದೆಯೆ? ಇದು ದೃಢತೆಯ ಪ್ರಶ್ನೆ. ಜ್ವಾಲೆಯೂ ಬಿಸಿಗಾಳಿಯೂ ನುಸುಳುವ ಬಿರುಕು ಬಿಡದೆ ಇಡಿಯಾಗಿ ಉಳಿದಿದೆಯೆ? ಇದು ಅಖಂಡತೆಯ ಪ್ರಶ್ನೆ. ಬೆಂಕಿ ತಾಗದ ಆಚೆಯ ಮುಖ ತಕ್ಕಷ್ಟು ತಣ್ಣಗಿದೆಯೆ? ಇದು ಉಷ್ಣನಿರೋಧದ ಪ್ರಶ್ನೆ. ಆಚೆಯ ಮುಖದ ಸರಾಸರಿ ಉಷ್ಣತೆಯು ಮೊದಲಿದ್ದುದಕ್ಕಿಂತ 140 ಡಿಗ್ರಿಗೆ ಮೀರಿ ಏರಕೂಡದು. ಏರಿದರೆ ಆ ಗೋಡೆಗೆ ಒರಗಿಸಿಟ್ಟ ಹಾಸಿಗೆಯೋ ಮರದ ಕಪಾಟೋ ಜ್ವಾಲೆ ಸೋಂಕದೆಯೇ ಹೊತ್ತಿಕೊಳ್ಳುವ ಅಪಾಯ ಹತ್ತಿರವಾಗುತ್ತದೆ.

ಈ ಪರೀಕ್ಷೆಯಲ್ಲಿ ಇಟ್ಟಿಗೆಯು ಚೆನ್ನಾಗಿ ತೇರ್ಗಡೆಯಾಗುತ್ತದೆ. ಅದು ಆಶ್ಚರ್ಯವೇನಲ್ಲ, ಇಟ್ಟಿಗೆ ಹುಟ್ಟುವುದೇ ಗೂಡಿನ ಬೆಂಕಿಯಲ್ಲಿ. ಒಮ್ಮೆ ಬೆಂದು ಬಂದುದು ಮತ್ತೊಮ್ಮೆ ಬೆಂಕಿಗೆ ಸುಲಭವಾಗಿ ಸೋಲದು. ಸರಿಯಾಗಿ ಕಟ್ಟಿ ಎರಡು ಕಡೆಗೂ ಗಾರೆ ಮಾಡಿದ ನಾಲ್ಕೂವರೆ ಅಂಗುಲದ ಇಟ್ಟಿಗೆಗೋಡೆ ಸುಮಾರು ಎರಡು ಗಂಟೆಗಳ ಕಾಲವೂ, ಒಂಬತ್ತು ಅಂಗುಲದ ಗೋಡೆ ನಾಲ್ಕು ಗಂಟೆಗಳ ಕಾಲವೂ ಬೆಂಕಿಯನ್ನು ತಡೆದು ನಿಲ್ಲಬಲ್ಲವು. ಅಗ್ನಿಶಾಮಕ ದಳ ಬರಲು, ಮಲಗಿದವರು ಎದ್ದು ಹೊರಗೆ ಹೋಗಲು ಇದು ಸಾಕಷ್ಟು ಕಾಲ.

ಹಾಗಾದರೆ ಕಲ್ಲು ಇಟ್ಟಿಗೆಗಿಂತಲೂ ಮೇಲಲ್ಲವೆ ಎಂದು ನೀವು ಕೇಳಬಹುದು. ನಮ್ಮ ತುಮಕೂರು, ಬೆಂಗಳೂರು ಸೀಮೆಗಳಲ್ಲಿ ಕಗ್ಗಲ್ಲಿಗೆ ಕೊರತೆಯಿಲ್ಲ. ಆದರೆ ನಮ್ಮ ಕಲ್ಲುಕುಟಿಗರಿಗೆ ಒಂದು ಹಳೆಯ ವಿದ್ಯೆ ಗೊತ್ತಿತ್ತು. ಅವರು ಬಂಡೆಯ ಮೇಲೆ ಸೌದೆಯನ್ನು ಹರಡಿ ಬೆಂಕಿ ಹಚ್ಚುತ್ತಿದ್ದರು. ಕಾವು ತಾಗಿದ ಮೇಲ್ಪದರವು ಹಿಗ್ಗಿ, ತಣ್ಣಗಿರುವ ಕೆಳಪದರದಿಂದ ಬಿಡಿಸಿಕೊಂಡು ಎದ್ದು ಬರುತ್ತಿತ್ತು. ಸುತ್ತಿಗೆಯಿಂದ ತಟ್ಟಿ ಅದರ ದನಿಯನ್ನು ಕೇಳಿ, ಪದರ ಎಲ್ಲಿಯವರೆಗೆ ಎದ್ದಿದೆಯೆಂದು ಅವರು ತಿಳಿಯುತ್ತಿದ್ದರು. ಸಿಡಿಮದ್ದಿಲ್ಲದೆ ದೊಡ್ಡ ಚಪ್ಪಡಿಗಳನ್ನು ಅವರು ತೆಗೆಯುತ್ತಿದ್ದುದು ಹೀಗೆ. ಕಲ್ಲು ಕಠಿನ, ನಿಜ. ಆದರೆ ಬೆಂಕಿಯ ಮುಂದೆ ಅದು ಸೀಳುತ್ತದೆ. ಕಠಿನವಾದುದೆಲ್ಲ ಬೆಂಕಿಗೆ ಗಟ್ಟಿಯಲ್ಲ. ಕಬ್ಬಿಣದ ಮಾತೂ ಅಷ್ಟೇ: ಸುಮಾರು 550 ರಿಂದ 600 ಡಿಗ್ರಿಗೆ ಕಾದ ಉಕ್ಕಿನ ತೊಲೆಯು ತನ್ನ ಬಲದಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತದೆ.

ಬೆಂಕಿಯ ಮಾತನ್ನು ಇಲ್ಲಿಗೆ ಬಿಟ್ಟು ಶಬ್ದದ ಕಡೆಗೆ ತಿರುಗೋಣ. ‘ಗೋಡೆಗೂ ಕಿವಿಯುಂಟು’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಗೋಡೆಗೆ ಕಿವಿಯ ಜೊತೆಗೆ ಬಾಯಿಯೂ ಉಂಟು. ನಾವು ಮಾತನಾಡಿದಾಗ ಗಾಳಿಯಲ್ಲಿ ಏಳುವ ಅಲೆಗಳು ಗೋಡೆಯನ್ನು ತಟ್ಟುತ್ತವೆ. ಗೋಡೆಯು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಅಲುಗುತ್ತದೆ. ಆ ಅಲುಗಾಟದಿಂದ ಆಚೆಯ ಕೋಣೆಯ ಗಾಳಿ ಮತ್ತೆ ಅಲೆಯಾಗಿ ಏಳುತ್ತದೆ. ಹಗುರವಾದ ಗೋಡೆ ಹೆಚ್ಚು ಅಲುಗುತ್ತದೆ. ಭಾರವಾದ ಗೋಡೆ ಕಡಿಮೆ ಅಲುಗುತ್ತದೆ. ಆದುದರಿಂದ ಶಬ್ದವನ್ನು ತಡೆಯುವ ಮೊದಲ ಗುಣ ಭಾರ.

ಶಬ್ದದ ಮಟ್ಟವನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. ಇದರ ಲೆಕ್ಕ ತುಸು ವಿಚಿತ್ರ. ಹತ್ತು ಡೆಸಿಬಲ್ ಕಡಿಮೆಯಾದರೆ ಶಬ್ದದ ಶಕ್ತಿಯು ಹತ್ತನೆಯ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಇಪ್ಪತ್ತು ಕಡಿಮೆಯಾದರೆ ನೂರನೆಯ ಒಂದು ಪಾಲು. ಮೂವತ್ತು ಕಡಿಮೆಯಾದರೆ ಸಾವಿರದ ಒಂದು ಪಾಲು. ಗಾರೆ ಮಾಡಿದ ನಾಲ್ಕೂವರೆ ಅಂಗುಲದ ಇಟ್ಟಿಗೆಗೋಡೆ ಸುಮಾರು 45 ಡೆಸಿಬಲ್‌ಗಳಷ್ಟು ಶಬ್ದವನ್ನು ತಡೆದರೆ ಒಂಬತ್ತು ಅಂಗುಲದ್ದು ಸುಮಾರು 50 ಡೆಸಿಬಲ್‌ಗಳಷ್ಟನ್ನು ತಡೆಯುತ್ತದೆ. ಸಾಮಾನ್ಯ ಮಾತುಕತೆಯ ಮಟ್ಟ 60 ಡೆಸಿಬಲ್. ಒಂಬತ್ತು ಅಂಗುಲದ ಗೋಡೆಯನ್ನು ದಾಟುವಾಗ ಅದು 10ಕ್ಕೆ ಇಳಿದು, ರಾತ್ರಿಯ ನಿಶ್ಶಬ್ದದಲ್ಲಿಯೇ ಕರಗಿಹೋಗುತ್ತದೆ.

ಹೀಗಿರುವಾಗ ನಮ್ಮ ಹುಡುಗಿಗೆ ಪಕ್ಕದ ಮನೆಯ ಮಾತುಗಳೆಲ್ಲ ಕೇಳಿಸುತ್ತಿರುವುದೇಕೆ? ಒಂದು ಲೆಕ್ಕ ಮಾಡಿ ನೋಡೋಣ. ಗೋಡೆಯ ವಿಸ್ತಾರ 10 ಚದರ ಮೀಟರ್ ಎಂದಿಟ್ಟುಕೊಳ್ಳಿರಿ. ಅದು 50 ಡೆಸಿಬಲ್ ತಡೆಯುವ ಒಳ್ಳೆಯ ಗೋಡೆ. ಅದರಲ್ಲಿ ಯಾರೋ ಕೊಳವೆ ಹಾಯಿಸಲು 10 ಸೆಂಟಿಮೀಟರ್ ಉದ್ದಗಲದ ಒಂದು ಕಿಂಡಿಯನ್ನು ಕೊರೆದು, ಮುಚ್ಚದೆ ಬಿಟ್ಟಿದ್ದಾರೆ. ಕಿಂಡಿಯ ವಿಸ್ತಾರವು ಗೋಡೆಯ ವಿಸ್ತಾರದ ಸಾವಿರದ ಒಂದು ಪಾಲು ಮಾತ್ರ. ಆದರೆ ಆ ಕಿಂಡಿಯ ಮೇಲೆ ಬಿದ್ದ ಶಬ್ದವೆಲ್ಲ ಅಡ್ಡಿಯಿಲ್ಲದೆ ದಾಟಿಹೋಗುತ್ತದೆ. ಎಂದರೆ ಒಟ್ಟು ಶಬ್ದದ ಸಾವಿರದ ಒಂದು ಪಾಲು ಆಚೆಗೆ ಸೇರುತ್ತದೆ. ಸಾವಿರದ ಒಂದು ಪಾಲು ಎಂದರೆ ಮೂವತ್ತು ಡೆಸಿಬಲ್‌ಗಳ ತಡೆ. ಐವತ್ತು ಡೆಸಿಬಲ್‌ಗಳ ಗೋಡೆ ಒಂದು ಅಂಗೈಯಗಲದ ಕಿಂಡಿಯಿಂದ ಮೂವತ್ತು ಡೆಸಿಬಲ್‌ಗಳ ಗೋಡೆಯಾಯಿತು! ಉಳಿದ ಗೋಡೆಯನ್ನು ಒಂದಡಿ ಅಲ್ಲ, ಎರಡಡಿ ದಪ್ಪ ಮಾಡಿದರೂ ಈ ನಷ್ಟವನ್ನು ತುಂಬಲಾಗದು. ಕಿಂಡಿಯನ್ನು ಮುಚ್ಚುವುದೊಂದೇ ದಾರಿ.

ಶಬ್ದದ ಲೆಕ್ಕ ಹೀಗಿದ್ದರೆ ಬೆಂಕಿಯ ಲೆಕ್ಕವೂ ಬೇರೆಯಲ್ಲ. ಬೆಂಕಿಗಿಂತ ಮೊದಲು ಬರುವುದು ಹೊಗೆ. ಬೆಂಕಿಯ ಅನಾಹುತಗಳಲ್ಲಿ ಜ್ವಾಲೆಗಿಂತ ಹೆಚ್ಚಾಗಿ ಪ್ರಾಣ ತೆಗೆಯುವುದು ಹೊಗೆಯೇ. ಹೊಗೆಗೆ ಅಂಗೈಯಗಲದ ಕಿಂಡಿ ಬಹಳವಾಯಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳು ಹಾದುಹೋಗುವ ನೆಟ್ಟಗಿನ ಕಾಲುವೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಆ ಕಾಲುವೆಯೇ ಹೊಗೆಗೆ ಚಿಮಣಿಯಾಯಿತು. ದಟ್ಟವಾದ ಹೊಗೆ ಮೇಲಿನ ಅಂತಸ್ತುಗಳಿಗೆ ನುಗ್ಗಿತು. ಉಸಿರಾಡಲಾಗದೆ ಕೆಲವರು ಕಿಟಕಿಗಳಿಂದ ಕೆಳಗೆ ಧುಮುಕಿದರು. ಒಂಬತ್ತು ಜನರು ಪ್ರಾಣ ಕಳೆದುಕೊಂಡರು. ಅಲ್ಲಿ ಗೋಡೆಗಳೂ ಇದ್ದವು, ನೆಲಗಟ್ಟುಗಳೂ ಇದ್ದವು. ಹೊಗೆ ಮಾತ್ರ ಅವುಗಳನ್ನು ಬಳಸಿಕೊಂಡು, ತಂತಿಗಳಿಗಾಗಿ ಬಿಟ್ಟ ದಾರಿಯನ್ನು ಹಿಡಿಯಿತು. ಅಲ್ಲಿ ಅಂತಸ್ತಿಗೂ ಅಂತಸ್ತಿಗೂ ನಡುವೆ ನಡೆದುದೇ ಸಾಲುಮನೆಗಳಲ್ಲಿ ಗೋಡೆಯ ಈಚೆಗೂ ಆಚೆಗೂ ನಡೆಯಬಲ್ಲುದು.

ಜಂಟಿಗೋಡೆಯಲ್ಲಿ ಇಂಥ ದಾರಿಗಳು ಎಲ್ಲೆಲ್ಲಿ ಅಡಗಿವೆ? ಹಳೆಯ ಮನೆಗಳಲ್ಲಿ ದೀಪವಿಡಲು, ಪಾತ್ರೆಯಿಡಲು ಗೋಡೆಯಲ್ಲಿ ಗೂಡುಗಳನ್ನು ಕೊರೆಯುತ್ತಿದ್ದರು. ಒಂದೇ ಜಾಗದಲ್ಲಿ ಎರಡು ಕಡೆಯವರೂ ಗೂಡು ಕೊರೆದರೆ ನಡುವೆ ಉಳಿಯುವುದು ಒಂದು ತೆಳುವಾದ ಪರದೆ. ಎರಡು ಮನೆಗಳ ತೊಲೆಗಳ ತುದಿಗಳು ಗೋಡೆಯೊಳಗೆ ಒಂದನ್ನೊಂದು ಮುಟ್ಟಿದ್ದರೆ ಬೆಂಕಿಯು ಒಂದು ಮರದಿಂದ ಇನ್ನೊಂದು ಮರಕ್ಕೆ ಗೋಡೆಯ ಒಡಲಿನಲ್ಲಿಯೇ ದಾಟುತ್ತದೆ. ಈಗಿನ ಮನೆಗಳಲ್ಲಿ ಗೂಡಿನ ಸ್ಥಾನವನ್ನು ವಿದ್ಯುತ್ ಗುಂಡಿಗಳ ಪೆಟ್ಟಿಗೆ ಹಿಡಿದಿದೆ. ನಾಲ್ಕೂವರೆ ಅಂಗುಲದ ಗೋಡೆಯ ಎರಡು ಮುಖಗಳಲ್ಲಿಯೂ ಒಂದರ ಬೆನ್ನಿಗೊಂದು ಪೆಟ್ಟಿಗೆಯನ್ನು ಹುದುಗಿಸಿದರೆ ನಡುವೆ ಇಟ್ಟಿಗೆಯೇ ಉಳಿಯದು. ಇಟ್ಟಿಗೆಗಳ ಸಂದುಗಳಿಗೆ ಗಾರೆಯನ್ನು ತುಂಬದೆ ಮೇಲೆ ಮಾತ್ರ ಬಳಿದ ಗೋಡೆ ನೋಡಲು ಇಡಿಯಾಗಿದ್ದರೂ ಒಳಗೆ ಜರಡಿಯೇ.

ಗೋಡೆಯ ಸಾಮಗ್ರಿಯನ್ನು ಆರಿಸುವಾಗಲೂ ಎಚ್ಚರ ಬೇಕು. ಗಾಳಿಯ ಗುಳ್ಳೆಗಳನ್ನು ತುಂಬಿ ಮಾಡಿದ ಹಗುರವಾದ ಸಿಮೆಂಟ್ ಇಟ್ಟಿಗೆಗಳು ಈಗ ಬಳಕೆಗೆ ಬಂದಿವೆ. ಅವು ಉಷ್ಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದುದರಿಂದ ಬೆಂಕಿಗೆ ಒಳ್ಳೆಯ ತಡೆ. ಆದರೆ ಹಗುರವಾಗಿರುವುದರಿಂದ ಅಷ್ಟೇ ದಪ್ಪದ ಮಣ್ಣಿನ ಇಟ್ಟಿಗೆಯಷ್ಟು ಶಬ್ದವನ್ನು ಅವು ತಡೆಯಲಾರವು. ಗಾರೆ ಮಾಡದೆ ಬಿಟ್ಟ ಸಿಮೆಂಟ್ ಬ್ಲಾಕಿನ ಗೋಡೆ ಸೂಕ್ಷ್ಮ ರಂಧ್ರಗಳಿಂದ ಕೂಡಿರುತ್ತದೆ. ಎರಡು ಕಡೆಗೂ ಗಾರೆ ಮಾಡಿದೊಡನೆ ಅದು ಬಹಳಷ್ಟು ಮೌನವಾಗುತ್ತದೆ.

ಇದಲ್ಲದೆ ಶಬ್ದಕ್ಕೆ ಬೆಂಕಿಗಿಲ್ಲದ ಇನ್ನೊಂದು ಉಪಾಯ ಗೊತ್ತು. ಪಕ್ಕದ ಮನೆಯವರು ಒರಳಿನಲ್ಲಿ ಒನಕೆಯಿಂದ ಕುಟ್ಟಿದರೆ, ಗೋಡೆಗೆ ಮೊಳೆ ಹೊಡೆದರೆ, ಗೋಡೆಗೆ ತಾಗಿದ ಕಲ್ಲುಹಾಸಿನ ಮೇಲೆ ಮಿಕ್ಸಿ ತಿರುಗಿಸಿದರೆ ಎಷ್ಟು ದಪ್ಪದ ಗೋಡೆಯಾದರೂ ಅದು ನಮಗೆ ಕೇಳಿಸುತ್ತದೆ. ಇಲ್ಲಿ ಶಬ್ದವು ಗಾಳಿಯಲ್ಲಿ ಬಂದು ಗೋಡೆಯನ್ನು ತಟ್ಟುತ್ತಿಲ್ಲ. ನೇರವಾಗಿ ಕಲ್ಲು ಗಾರೆಗಳೊಳಗೇ ಹುಟ್ಟಿ ಹರಿಯುತ್ತಿದೆ. ಘನವಸ್ತುಗಳಲ್ಲಿ ಶಬ್ದವು ಗಾಳಿಗಿಂತ ಬಲುವೇಗವಾಗಿ ಸಾಗುತ್ತದಷ್ಟೆ. ಇದಕ್ಕೆ ಭಾರವು ಮದ್ದಲ್ಲ. ಸಂಪರ್ಕವನ್ನು ಕಡಿಯುವುದೇ ಮದ್ದು. ಒರಳಿನ ಕೆಳಗೆ ಗೋಣಿಯ ಮಡಿಕೆಯನ್ನು ಹಾಸುವ, ಮಿಕ್ಸಿಯ ಅಡಿಗೆ ದಪ್ಪನಾದ ರಬ್ಬರನ್ನು ಇಡುವ ಗೃಹಿಣಿಯು ಈ ಭೌತಶಾಸ್ತ್ರವನ್ನು ಪುಸ್ತಕವಿಲ್ಲದೆ ತಿಳಿದವಳು.

ಸಂಪರ್ಕವನ್ನು ಕಡಿಯುವ ಈ ತತ್ತ್ವವನ್ನು ಇಡೀ ಗೋಡೆಗೇ ಅನ್ವಯಿಸಬಹುದು. ಒಂದು ದಪ್ಪ ಗೋಡೆಯ ಬದಲು ಎರಡು ಬೇರೆ ಬೇರೆ ಗೋಡೆಗಳನ್ನು, ನಡುವೆ ಒಂದೆರಡು ಅಂಗುಲ ಬಿಟ್ಟು, ಪ್ರತಿಯೊಂದನ್ನೂ ಅದರದರ ಮನೆಗೆ ಸೇರಿಸಿ ಕಟ್ಟುವುದು ಉತ್ತಮವಾದ ಕ್ರಮ. ಒಂದು ಗೋಡೆಯ ಅಲುಗಾಟವು ಇನ್ನೊಂದಕ್ಕೆ ದಾಟದು. ಬೆಂಕಿಯಲ್ಲಿ ಒಂದು ಮನೆಯ ಛಾವಣಿ ಕುಸಿದು ತನ್ನ ಗೋಡೆಯನ್ನು ಎಳೆದುಕೊಂಡು ಬಿದ್ದರೂ ಇನ್ನೊಂದು ಗೋಡೆ ತನ್ನ ಮನೆಯನ್ನು ಕಾಯುತ್ತ ನಿಲ್ಲುತ್ತದೆ. ನಮ್ಮ ಹೊಸ ಬಡಾವಣೆಗಳಲ್ಲಿ ತಂತಮ್ಮ ನಿವೇಶನದ ಗಡಿಯಲ್ಲಿ ತಂತಮ್ಮ ಗೋಡೆಯನ್ನು ಏರಿಸುವವರು ತಿಳಿದೋ ತಿಳಿಯದೆಯೋ ಈ ಕ್ರಮವನ್ನೇ ಅನುಸರಿಸುತ್ತಾರೆ. ಆದರೆ ಕಟ್ಟುವಾಗ ಜಾರಿದ ಗಾರೆಯ ಮುದ್ದೆಗಳೂ ಇಟ್ಟಿಗೆಯ ಚೂರುಗಳೂ ನಡುವಿನ ಸಂದಿಯಲ್ಲಿ ಬಿದ್ದು ಗಟ್ಟಿಯಾದರೆ ಎರಡು ಗೋಡೆಗಳ ನಡುವೆ ಸೇತುವೆ ಕಟ್ಟಿದಂತಾಗುತ್ತದೆ. ಶಬ್ದವು ಆ ಸೇತುವೆಯ ಮೇಲೆ ನಡೆದುಬರುತ್ತದೆ.

ಇಷ್ಟನ್ನೆಲ್ಲ ವಿಚಾರ ಮಾಡಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಂಕಿ ಬೇರೆ, ಶಬ್ದ ಬೇರೆ. ಒಂದು ಪ್ರಾಣಕ್ಕೆ ಎರವಾಗುವಂಥದು, ಇನ್ನೊಂದು ನೆಮ್ಮದಿಯನ್ನು ಕೆಡಿಸುವಂಥದು. ಆದರೂ ಅವೆರಡೂ ಗೋಡೆಯಿಂದ ಬಯಸುವ ಗುಣಗಳು ಹೆಚ್ಚುಕಡಿಮೆ ಒಂದೇ: ಗೋಡೆ ಸುಡದ, ಭಾರವಾದ ವಸ್ತುವಿನದಾಗಿರಬೇಕು, ತಳಪಾಯದಿಂದ ಛಾವಣಿಯ ಆಚೆಯವರೆಗೆ ಎಡೆಬಿಡದೆ ಸಾಗಿರಬೇಕು, ಅದರಲ್ಲಿ ತೂತಿರಬಾರದು. ಈ ಮೂರರಲ್ಲಿ ಮೊದಲನೆಯದಕ್ಕೆ ಹಣ ಬೇಕು. ಉಳಿದೆರಡಕ್ಕೆ ಹಣಕ್ಕಿಂತ ಹೆಚ್ಚಾಗಿ ಮನಸ್ಸು ಬೇಕು.

ಮನಸ್ಸು ಎಂದೆವು. ಏಕೆಂದರೆ ಜಂಟಿಗೋಡೆಯ ಗುಣದೋಷಗಳು ಹೊರಗಣ್ಣಿಗೆ ಕಾಣುವಂಥವಲ್ಲ. ಮನೆಯ ಮುಂಭಾಗವನ್ನು ದಾರಿಹೋಕರು ನೋಡುತ್ತಾರೆ. ಅದಕ್ಕೆ ಬಣ್ಣವನ್ನೂ ನುಣುಪುಗಲ್ಲನ್ನೂ ಹಾಕಿಸುತ್ತೇವೆ. ನಡುಗೋಡೆಯನ್ನು ಯಾರೂ ನೋಡರು. ಅಲ್ಲಿ ಒಂಬತ್ತು ಅಂಗುಲದ ಬದಲು ನಾಲ್ಕೂವರೆ ಸಾಕೆಂದರೆ ಇಟ್ಟಿಗೆಯ ಲೆಕ್ಕದಲ್ಲಿ ಅರ್ಧ ಉಳಿತಾಯ. ಅಟ್ಟದ ಮೇಲೆ ಗೋಡೆಯನ್ನು ಏರಿಸದೆ ಬಿಟ್ಟರೆ ಇನ್ನಷ್ಟು ಉಳಿತಾಯ. ಗಾರೆ ಬಳಿದು ಸುಣ್ಣ ಹೊಡೆದ ಮೇಲೆ ಎಲ್ಲ ಒಂದೇ. ಆದರೆ ಆ ಉಳಿತಾಯದ ಬೆಲೆಯನ್ನು ತೆರುವವರು ಯಾರು? ಕಟ್ಟಿಸಿದವನಷ್ಟೇ ಅಲ್ಲ, ಗೋಡೆಯ ಆಚೆಗೆ ಮಲಗಿರುವ, ಆ ಲೆಕ್ಕಾಚಾರವನ್ನು ಅರಿಯದ ಮುದುಕಿಯೂ ಮಗುವೂ ತೆರಬೇಕಾಗುತ್ತದೆ.

ಇದಕ್ಕಾಗಿಯೇ ಸಮಾಜವು ನಿಯಮಗಳನ್ನು ಮಾಡಿಕೊಂಡಿದೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯು 1970ರಲ್ಲಿ ಮೊದಲು ಪ್ರಕಟವಾಯಿತು. 1983, 2005 ಮತ್ತು 2016ರಲ್ಲಿ ಅದನ್ನು ಪರಿಷ್ಕರಿಸಿ ಹೊರತಂದರು. ಅದರ ನಾಲ್ಕನೆಯ ಭಾಗವು ಬೆಂಕಿಯಿಂದ ಪಡೆಯಬೇಕಾದ ರಕ್ಷಣೆಗೆ ಮೀಸಲಾಗಿದೆ. ಶಬ್ದನಿರೋಧದ ಬಗೆಗೂ ಅದರಲ್ಲಿ ಪ್ರತ್ಯೇಕವಾದ ಅಧ್ಯಾಯವುಂಟು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್‌ಗಳ ಮಿತಿಯನ್ನು ಹಾಕಿವೆ. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ನಿಯಮಗಳು ಅವಶ್ಯವೇ. ಆದರೆ ಪ್ರತಿಯೊಂದು ಸಂದಿಗೂ ಗಾರೆ ತುಂಬಿದೆಯೇ ಎಂದು ನೋಡಲು ಯಾವ ಅಧಿಕಾರಿಯೂ ಬರಲಾರನು. ಅದು ಕರಣೆ ಹಿಡಿದವನ ಕೈಗೂ ಕಟ್ಟಿಸುವವನ ಆತ್ಮಸಾಕ್ಷಿಗೂ ಬಿಟ್ಟ ಮಾತು.

ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ನಡುಗೋಡೆಯನ್ನು ಒಮ್ಮೆ ನೋಡಿರಿ. ಅಟ್ಟವಿದ್ದರೆ ಹಿರಿಯರೊಡನೆ ಹತ್ತಿ, ಗೋಡೆಯು ಮಾಡನ್ನು ಮುಟ್ಟಿದೆಯೆ ಎಂದು ಪರೀಕ್ಷಿಸಿರಿ. ಪಕ್ಕದ ಮನೆಯ ಮಾತು ಒಂದು ಮೂಲೆಯಲ್ಲಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿದ್ದರೆ, ಆ ಮೂಲೆಯಲ್ಲಿ ಒಂದು ಬಿರುಕನ್ನೋ ಕಿಂಡಿಯನ್ನೋ ಹುಡುಕಿರಿ. ಸಿಕ್ಕಿದರೆ ನೆರೆಯವರಿಗೂ ತಿಳಿಸಿ, ಎರಡು ಕಡೆಯಿಂದಲೂ ಗಾರೆಯಿಂದ ಮುಚ್ಚಿಸಿರಿ. ಒಂದು ಬಾಣಲೆ ಗಾರೆಯಿಂದ ಆಗುವ ಕೆಲಸವದು. ಬೆಂಕಿ ಬಿದ್ದಾಗ ಬಾವಿ ತೋಡುವುದು ವ್ಯರ್ಥವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬೆಂಕಿ ಬಿದ್ದಾಗ ಮಾಡಬೇಕಾದುದು ಬೇರೆ: ಉರಿಯುವ ಕೋಣೆಯ ಬಾಗಿಲನ್ನು ಮುಚ್ಚಿ ಹೊರಗೆ ಬರುವುದು, ಪಕ್ಕದ ಮನೆಯವರನ್ನು ಕೂಗಿ ಎಬ್ಬಿಸುವುದು, 101 ಅಥವಾ 112ಕ್ಕೆ ಕರೆ ಮಾಡುವುದು.

ಗೋಡೆಯೆಂದರೆ ಮನಸ್ಸುಗಳನ್ನು ಬೇರ್ಪಡಿಸುವುದೆಂಬ ಭಾವನೆ ಸಾಮಾನ್ಯವಾಗಿದೆ. ‘ನಡುವೆ ಗೋಡೆ ಎದ್ದಿತು’ ಎಂದರೆ ಸ್ನೇಹ ಮುರಿಯಿತೆಂದೇ ಅರ್ಥ. ಆದರೆ ಎರಡು ಮನೆಗಳ ನಡುವೆ ಚೆನ್ನಾಗಿ ಕಟ್ಟಿದ ಗೋಡೆಯು ಅಂಥದಲ್ಲ. ಈಚೆಯ ಬೆಂಕಿ ಆಚೆಗೆ ಹೋಗದಂತೆ, ಆಚೆಯ ಗದ್ದಲ ಈಚೆಗೆ ಬಾರದಂತೆ ಅದು ಹಗಲಿರುಳೂ ಕಾಯುತ್ತದೆ. ಅದರ ಮರೆಯಲ್ಲಿ ಒಂದು ಮನೆಯವರು ಹಾಡಬಹುದು, ಇನ್ನೊಂದು ಮನೆಯ ಹುಡುಗಿ ಓದಬಹುದು. ಬೆಳಗಾದ ಮೇಲೆ ಇಬ್ಬರೂ ಬಾಗಿಲು ತೆರೆದು ಬಂದು ಜಗಲಿಯ ಮೇಲೆ ಕುಳಿತು ಸಂತೋಷದಿಂದ ಮಾತನಾಡಬಹುದು.

ಪದಗಳ ಅರ್ಥ

ಚಕ್ಕುಬಂದಿ — ನಿವೇಶನದ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ
ಜಂತೆ — ಮಾಡನ್ನು ಹೊರುವ ಮರದ ಅಡ್ಡೆ
ಕಟ್ಟಳೆ — ನಿಯಮ, ವಿಧಿ
ಅಖಂಡತೆ — ಒಡೆಯದೆ, ಬಿರುಕು ಬಿಡದೆ ಇಡಿಯಾಗಿರುವಿಕೆ
ನಿರೋಧ — ತಡೆ
ಕಗ್ಗಲ್ಲು — ಕಠಿನವಾದ ಕರಿಯ ಕಲ್ಲು
ಕರಣೆ — ಗಾರೆ ಬಳಿಯುವ ಸಾಧನ
ಎರವಾಗು — ಹಾನಿಯನ್ನು ತರು
ಸಂಹಿತೆ — ನಿಯಮಗಳ ಸಂಗ್ರಹ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಜಂಟಿಗೋಡೆ ಎಂದರೇನು?
2. ಲಂಡನ್ನಿನ ಮಹಾ ಅಗ್ನಿ ಅನಾಹುತ ಯಾವ ವರ್ಷದಲ್ಲಿ ನಡೆಯಿತು?
3. ಶಬ್ದವನ್ನು ತಡೆಯಲು ಗೋಡೆಗೆ ಇರಬೇಕಾದ ಮೊದಲ ಗುಣ ಯಾವುದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಳೆಯ ಕೇರಿಗಳಲ್ಲಿ ಮಣ್ಣಿನ ಗೋಡೆಗಳಿದ್ದರೂ ಬೆಂಕಿ ಹಬ್ಬುತ್ತಿದ್ದುದೇಕೆ?
2. ಕಲ್ಲುಕುಟಿಗರು ಬೆಂಕಿಯಿಂದ ಚಪ್ಪಡಿಯನ್ನು ಎಬ್ಬಿಸುತ್ತಿದ್ದ ಬಗೆಯನ್ನು ವಿವರಿಸಿರಿ. ಇದರಿಂದ ಗೋಡೆ ಕಟ್ಟುವವರು ಏನನ್ನು ಕಲಿಯಬಹುದು?
3. ಬೆಂಕಿಯ ಪರೀಕ್ಷೆಯಲ್ಲಿ ಗೋಡೆಯನ್ನು ಅಳೆಯುವ ಮೂರು ಪ್ರಶ್ನೆಗಳು ಯಾವುವು?

ಇ. ವಿಚಾರ ಮಾಡಿ ಬರೆಯಿರಿ.
1. ‘ಉಳಿದೆರಡಕ್ಕೆ ಹಣಕ್ಕಿಂತ ಹೆಚ್ಚಾಗಿ ಮನಸ್ಸು ಬೇಕು.’ ಈ ಮಾತನ್ನು ಸಮರ್ಥಿಸಿರಿ.
2. 10 ಚದರ ಮೀಟರ್ ಗೋಡೆಯಲ್ಲಿ ಅದರ ನೂರರ ಒಂದು ಪಾಲಿನಷ್ಟು ಕಿಂಡಿ ಇದ್ದರೆ ಗೋಡೆಯ ತಡೆ ಸುಮಾರು ಎಷ್ಟು ಡೆಸಿಬಲ್‌ಗೆ ಇಳಿಯುತ್ತದೆ? ಪಾಠದಲ್ಲಿನ ಲೆಕ್ಕವನ್ನು ಅನುಸರಿಸಿ ಹೇಳಿರಿ.